ಬಿಳಿ ಚೀಲಗಳ ಬಯಲಿಗೆ ಇಳಿಯದ ಹೆಬ್ಬಾತು

ಬೆಳಗಿನ ಜಾವ ನಾಲ್ಕೂವರೆ. ಅಮೆರಿಕದ ಮಿಸ್ಸೂರಿ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮೌಂಡ್ ಸಿಟಿ ಎಂಬ ಪುಟ್ಟ ಊರಿನ ಹೊರಗೆ, ಕಟಾವಾದ ಗೋವಿನಜೋಳದ ಹೊಲದಲ್ಲಿ ಮೊಣಕಾಲುದ್ದದ ಬೂಟು ಹಾಕಿಕೊಂಡು ನಿಂತಿದ್ದೆ. ಮಾರ್ಚ್ ತಿಂಗಳ ಮೊದಲ ವಾರ. ರಾತ್ರಿಯ ಚಳಿಗೆ ಮೇಲ್ಮಣ್ಣು ಹೆಪ್ಪುಗಟ್ಟಿತ್ತು. ಕಾಲಿಟ್ಟರೆ ಹಪ್ಪಳದಂತೆ ಮುರಿದು, ಅದರಡಿಯ ಕರಿಮಣ್ಣು ಬೂಟನ್ನು ಕಚ್ಚಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ನಮ್ಮ ಗದಗ ಸೀಮೆಯ ಎರೆಹೊಲ ಚಪ್ಪಲಿ ಕಿತ್ತುಕೊಳ್ಳುತ್ತದಲ್ಲ, ಥೇಟ್ ಹಾಗೆಯೇ.

ನಾವು ಐದು ಜನ. ನಮ್ಮ ಮುಂದೆ ಟ್ರೇಲರಿನ ತುಂಬ ಬಿಳಿ ಚೀಲಗಳು, ಒಟ್ಟು ಒಂಬೈನೂರು. ತೆಳು ಕಡ್ಡಿಯೊಂದಕ್ಕೆ ಸಿಕ್ಕಿಸಿದ ಗಾಳಿಚೀಲ, ಅದಕ್ಕೊಂದು ಪ್ಲಾಸ್ಟಿಕ್ ತಲೆ, ರೆಕ್ಕೆಯ ತುದಿ ಬರುವ ಜಾಗಕ್ಕೆ ಕಪ್ಪು ಬಣ್ಣ. ಗಾಳಿ ಹೊಕ್ಕರೆ ಹೊಟ್ಟೆ ಉಬ್ಬಿ, ಮೇಯುತ್ತಿರುವ ಹಕ್ಕಿಯಂತೆ ಅತ್ತಿತ್ತ ಓಲಾಡುತ್ತದೆ. ಒಂದೊಂದನ್ನೂ ನೆಲಕ್ಕೆ ಚುಚ್ಚಿ ನಿಲ್ಲಿಸಬೇಕು. ಹೆಪ್ಪುಗಟ್ಟಿದ ನೆಲಕ್ಕೆ ಕಡ್ಡಿ ಇಳಿಯುವುದಿಲ್ಲವಾದ್ದರಿಂದ ಒಬ್ಬ ಬ್ಯಾಟರಿ ಡ್ರಿಲ್ ಹಿಡಿದು ತೂತು ಕೊರೆಯುತ್ತ ಮುಂದೆ ಹೋಗುತ್ತಿದ್ದ, ಉಳಿದವರು ತಲೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಲ್ಲಿ ಅವನ ಹಿಂದೆ ಚೀಲ ನೆಡುತ್ತ ಸಾಗುತ್ತಿದ್ದೆವು. ಸಸಿ ನೆಡುವ ಆಳುಗಳ ಸಾಲಿನ ಹಾಗೆ. ಎರಡು ತಾಸು ಬಗ್ಗಿ ಎದ್ದದ್ದಕ್ಕೆ ನನ್ನ ಸೊಂಟ ಹಿಡಿದುಹೋಯಿತು.

ನನ್ನ ಕೈಯಲ್ಲಿ ಬಂದೂಕು ಇರಲಿಲ್ಲ. ಒಮಾಹಾದಲ್ಲಿ ನೆಲೆಸಿರುವ ಭಾವನ ಪಕ್ಕದ ಮನೆಯವರು ಇಲ್ಲಿಗೆ ಬೇಟೆಗೆ ಹೊರಟಿದ್ದರು. ಎಪ್ಪತ್ತರ ಹತ್ತಿರದ ಹಿರಿಯರು, ನಿವೃತ್ತ ಮೇಷ್ಟ್ರು. 'ಹಕ್ಕಿ ಅಂದ್ರ ಜೀವ ಬಿಡ್ತೀರಿ, ಒಮ್ಮೆ ಹೋಗಿ ನೋಡ್ರಲ್ಲ' ಎಂದು ಭಾವ ಒತ್ತಾಯ ಮಾಡಿದರು, ತಾವೂ ಜೊತೆಗೆ ಬಂದರು. ಹಕ್ಕಿ ನೋಡುವುದು ನನಗೆ ಹುಚ್ಚು, ಕೊಲ್ಲುವುದು ಸೇರುವುದಿಲ್ಲ. ಆ ಅಸಮಾಧಾನವನ್ನು ಹೊತ್ತುಕೊಂಡೇ ಹೊಲಕ್ಕೆ ಇಳಿದಿದ್ದೆ.

ಹಕ್ಕಿಯ ಹೆಸರು ಹಿಮ ಹೆಬ್ಬಾತು, ಅಲ್ಲಿಯವರ ಬಾಯಲ್ಲಿ ಸ್ನೋ ಗೂಸ್. ಮೈಯೆಲ್ಲ ಬಿಳುಪು, ರೆಕ್ಕೆಯ ತುದಿ ಮಾತ್ರ ಕಪ್ಪು. ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಹಲ್ಲು, ಅದರ ಕಪ್ಪು ಗೆರೆಯಿಂದಾಗಿ ಸದಾ ಹಲ್ಲು ಕಿರಿಯುತ್ತಿರುವಂತೆ ಕಾಣುವ ಮುಖ. ಇದೇ ಜಾತಿಯಲ್ಲಿ ಬಿಳಿ ತಲೆಯ, ಬೂದುನೀಲಿ ಮೈಯ ಹಕ್ಕಿಗಳೂ ಇವೆ. ಅವನ್ನು ಬಹುಕಾಲ ಬೇರೆ ಜಾತಿ ಎಂದೇ ತಿಳಿದಿದ್ದರು. ಅವು ಎಲ್ಲಿ ಗೂಡು ಕಟ್ಟುತ್ತವೆ ಎಂಬುದೇ ಒಗಟಾಗಿತ್ತು. ಕೆನಡಾದ ಡ್ಯೂಯಿ ಸೋಪರ್ ಎಂಬ ನಿಸರ್ಗತಜ್ಞ ವರ್ಷಗಟ್ಟಲೆ ಹುಡುಕಿ, 1929ರಲ್ಲಿ ಬ್ಯಾಫಿನ್ ದ್ವೀಪದಲ್ಲಿ ಆ ಗೂಡುಗಳನ್ನು ಕಂಡ. ಎರಡೂ ಒಂದೇ ಜಾತಿ, ಬಣ್ಣದ ವ್ಯತ್ಯಾಸ ವಂಶವಾಹಿಯದು ಎಂದು ಖಚಿತವಾದದ್ದು ಆಮೇಲೆ.

ಚಳಿಗಾಲವನ್ನು ಟೆಕ್ಸಾಸ್, ಲೂಸಿಯಾನಾ, ಆರ್ಕನ್ಸಾಗಳ ಬಯಲಿನಲ್ಲಿ ಕಳೆಯುವ ಈ ಹಕ್ಕಿಗಳು ಫೆಬ್ರವರಿ ಬಂತೆಂದರೆ ಉತ್ತರಕ್ಕೆ ಮುಖ ಮಾಡುತ್ತವೆ. ಹಿಮ ಕರಗುವ ಗೆರೆ ಎಲ್ಲಿಯವರೆಗೆ ಹಿಂದೆ ಸರಿಯುತ್ತದೋ ಅಲ್ಲಿಯವರೆಗೆ ಅವುಗಳ ಹೆಜ್ಜೆ. ಮಿಸ್ಸೂರಿ, ನೆಬ್ರಾಸ್ಕಾ, ಡಕೋಟಾಗಳನ್ನು ದಾಟಿ, ಕೆನಡಾದ ಗೋದಿ ಸೀಮೆಯಲ್ಲಿ ತಂಗಿ, ಹಡ್ಸನ್ ಕೊಲ್ಲಿ ಮತ್ತು ಅದರಾಚೆಯ ಟಂಡ್ರಾ ಮುಟ್ಟುವಷ್ಟರಲ್ಲಿ ಮೇ ಮುಗಿಯುತ್ತ ಬಂದಿರುತ್ತದೆ. ನಾವು ನಿಂತಿದ್ದ ಹೊಲದಿಂದ ಕೆಲವೇ ಮೈಲಿ ದೂರದಲ್ಲಿ ಲೋಯೆಸ್ ಬ್ಲಫ್ಸ್ ರಾಷ್ಟ್ರೀಯ ವನ್ಯಜೀವಿಧಾಮ. 1935ರಲ್ಲಿ ಸ್ಥಾಪನೆಯಾದ, 7,000 ಎಕರೆಗೂ ಮಿಕ್ಕಿದ ಜೌಗು ಅದು. ವಲಸೆಯ ನಡುವೆ ಒಂದೊಂದು ವರ್ಷ ಅಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಹಿಮ ಹೆಬ್ಬಾತುಗಳ ಎಣಿಕೆಯಾಗಿದ್ದೂ ಉಂಟು. ಕತ್ತಲಲ್ಲಿ ಚೀಲ ನೆಡುವಾಗ ಅಲ್ಲಿಂದ ಗದ್ದಲ ತೇಲಿ ಬರುತ್ತಿತ್ತು. ದೂರದ ಊರಿನ ತೇರು ಎಳೆಯುವಾಗ ಗಾಳಿಯಲ್ಲಿ ಬರುವ ಸದ್ದಿನಂತೆ, ಮಾತು ತಿಳಿಯದ, ನಿಲ್ಲದ ಗದ್ದಲ.

ಹತ್ತು ಲಕ್ಷ ಹಕ್ಕಿ ಪಕ್ಕದಲ್ಲೇ ಇರುವಾಗ ಬೇಟೆಗೇನು ಕಷ್ಟ ಎಂದು ನನಗೆ ಅನಿಸಿತ್ತು. ಸಂಜೆಯ ಹೊತ್ತಿಗೆ ಸಿಕ್ಕದ್ದು ಹನ್ನೊಂದು.

ಹೊತ್ತು ಮೂಡುವ ಮೊದಲೇ ನಾವು ಬಿಳಿ ಮೇಲಂಗಿ ತೊಟ್ಟು ಚೀಲಗಳ ನಡುವೆ ಅಂಗಾತ ಮಲಗಿದೆವು. ಮೇಷ್ಟ್ರು ಸ್ಪೀಕರುಗಳ ಗುಂಡಿ ಒತ್ತಿದರು. ರೆಕಾರ್ಡಾದ ಸಾವಿರ ಹಕ್ಕಿಗಳ ಕೂಗು ಹೊಲದ ತುಂಬ ಹರಡಿತು. ಯಂತ್ರವೊಂದು ಉದ್ದ ತೋಳುಗಳ ತುದಿಗೆ ಕಟ್ಟಿದ ಹುಸಿಹಕ್ಕಿಗಳನ್ನು ಗಿರಗಿರನೆ ತಿರುಗಿಸುತ್ತ, ಇಳಿಯುತ್ತಿರುವ ಹಿಂಡಿನ ಭ್ರಮೆ ಹುಟ್ಟಿಸುತ್ತಿತ್ತು. ಪೂರ್ವ ಕೆಂಪಾಗುತ್ತಿದ್ದಂತೆ ಧಾಮದ ಕಡೆಯಿಂದ ಮೊದಲ ಸಾಲು ಎದ್ದಿತು, ಅದರ ಹಿಂದೆ ಎರಡನೆಯದು. ನೋಡನೋಡುತ್ತ ಅರ್ಧ ಆಕಾಶವೇ ಸಾಲುಸಾಲಾಗಿ ಹೆಣೆದುಕೊಂಡಿತು. ಮುನ್ನೂರು ಹಕ್ಕಿಗಳ ಒಂದು ಹಿಂಡು ನಮ್ಮ ನೆತ್ತಿಯ ಮೇಲೆ ಬಂದು ತಿರುಗತೊಡಗಿತು. ರೆಕ್ಕೆ ಬಿಗಿಹಿಡಿದು ಸುರುಳಿ ಸುರುಳಿಯಾಗಿ ಕೆಳಗಿಳಿಯುವ ಈ ಪರಿಯನ್ನು ಅಲ್ಲಿನವರು ಸುಂಟರಗಾಳಿ ಎನ್ನುತ್ತಾರೆ. ಒಂದು ಸುತ್ತು, ಎರಡು ಸುತ್ತು, ಐದನೆಯ ಸುತ್ತು. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ಉಕ್ಕಿನ ಚರೆ ನೆಚ್ಚಿಕೊಳ್ಳುವಂತೆ ಮುಟ್ಟುವುದು ಸುಮಾರು ನಲವತ್ತು ಗಜ. ಹಕ್ಕಿಗಳು ನೂರು ಗಜದ ಮೇಲೆ ನಿಂತುಬಿಟ್ಟವು. ಅಲ್ಲಿಂದಲೇ ಹೊಲವನ್ನು ಮೂಲೆಯಿಂದ ಮೂಲೆಗೆ ಓದಿದವು. ಆಮೇಲೆ ಒಂದು ಹಕ್ಕಿ ಏನೋ ಹೇಳಿತು, ಹಿಂಡಿಗೆ ಹಿಂಡೇ ಪಶ್ಚಿಮಕ್ಕೆ ಹೊರಳಿ ಹೊರಟುಹೋಯಿತು.

'ಭಾವ, ಯಾಕ ಇಳೀಲಿಲ್ಲ ಅವು?' ಎಂದೆ ಪಿಸುದನಿಯಲ್ಲಿ.

'ಅವಕ್ಕ ಎಲ್ಲಾ ಗೊತ್ತೈತ್ರಿ. ನಮ್ಮಕಿಂತ ಮೊದಲ ಈ ಹೊಲಾ ನೋಡ್ಯಾವು' ಎಂದರು ಭಾವ.

ಅವರು ಸುಮ್ಮನೆ ಅಂದ ಮಾತಲ್ಲ. ಹಿಮ ಹೆಬ್ಬಾತು ದೀರ್ಘಾಯುಷಿ. ಕಾಲಿಗೆ ಬಳೆ ತೊಡಿಸಿದ ಹಕ್ಕಿಗಳಲ್ಲಿ ಇಪ್ಪತ್ತೈದು ವರ್ಷ ದಾಟಿ ಬದುಕಿದವೂ ಸಿಕ್ಕಿವೆ. ಹತ್ತು ವರ್ಷದ ಹಕ್ಕಿಯೊಂದು ಟೆಕ್ಸಾಸಿನಿಂದ ಸಸ್ಕಾಚೆವಾನ್‌ವರೆಗೆ ಹೋಗಿಬಂದು ಮಾಡುವಾಗ ಕಂಡಿರುವ ಹುಸಿ ಹಿಂಡುಗಳಿಗೆ ಲೆಕ್ಕವಿಲ್ಲ. ಮರಿಗಳು ಮೊದಲ ಚಳಿಗಾಲವಿಡೀ ಅಪ್ಪ ಅಮ್ಮನ ಜೊತೆಗೇ ಹಾರುತ್ತವೆ. ಎಲ್ಲಿ ಗುಂಡಿನ ಸದ್ದು ಕೇಳಿತು, ಯಾವ ಹೊಲದಲ್ಲಿ ಪಕ್ಕದ ಹಕ್ಕಿ ಬಿತ್ತು ಎಂಬುದು ಹಾಗೆ ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಒಂಟಿ ಬಾತುಕೋಳಿಯನ್ನು ಮರುಳು ಮಾಡುವುದಾದರೆ ಎರಡು ಕಣ್ಣಿಗೆ ಮಣ್ಣೆರಚಿದರೆ ಸಾಕು. ಇಲ್ಲಿ ಆರುನೂರು ಕಣ್ಣುಗಳ ಪೈಕಿ ಒಂದಕ್ಕೆ ಸಂಶಯ ಬಂದರೂ ಆಟ ಮುಗಿಯಿತು.

ಆ ಸಂಶಯಕ್ಕೆ ಕಾರಣವಾಗುವ ಸಣ್ಣ ಸಂಗತಿಗಳನ್ನು ಮೇಷ್ಟ್ರು ಮಲಗಿದಲ್ಲಿಂದಲೇ ನನಗೆ ಒಂದೊಂದಾಗಿ ತೋರಿಸಿದರು. ರಾತ್ರಿಯ ಇಬ್ಬನಿ ಚೀಲಗಳ ಮೇಲೆ ಹೆಪ್ಪುಗಟ್ಟಿ ಬಿಸಿಲಿಗೆ ಗಾಜಿನಂತೆ ಹೊಳೆಯುತ್ತಿತ್ತು. ನಿಜವಾದ ಹಕ್ಕಿಯ ಗರಿ ಹಾಗೆ ಹೊಳೆಯುವುದಿಲ್ಲ. ಗಾಳಿ ಬಿದ್ದಾಗ ಒಂಬೈನೂರು ಚೀಲಗಳೂ ಒಮ್ಮೆಗೇ ಜೋತುಬಿದ್ದವು. ಮೇಯುತ್ತಿದ್ದ ಹಿಂಡು ಒಂದೇ ಕ್ಷಣದಲ್ಲಿ ಸತ್ತು ಬಿದ್ದಂತೆ ಕಂಡಿತು ನನಗೇ, ಇನ್ನು ಹಕ್ಕಿಗೆ ಕಾಣದಿರುತ್ತದೆಯೇ? ಗಾಳಿ ಜೋರಾದರೆ ಚೀಲ ಪಟಪಟ ಬಡಿದುಕೊಳ್ಳುತ್ತದೆ, ಅದೂ ಅಸಹಜವೇ. ಹೆಬ್ಬಾತು ಗಾಳಿಗೆ ಎದುರಾಗಿ ಇಳಿಯುವ ಹಕ್ಕಿ. ಗಾಳಿ ದಿಕ್ಕು ಬದಲಿಸಿದರೆ ಇಡೀ ಹರವನ್ನೇ ಬದಲಿಸಬೇಕು, ಅದೂ ಆ ಕೆಸರಿನಲ್ಲಿ. ಬೆಳಿಗ್ಗೆ ನಾವು ನಡೆದ ಹೆಜ್ಜೆಗುರುತು, ಟ್ರೇಲರಿನ ಚಕ್ರದ ಗೆರೆ, ನಿಲ್ಲದೆ ಒಂದೇ ರಾಗದಲ್ಲಿ ಮರಳಿ ಬರುವ ಸ್ಪೀಕರಿನ ಕೂಗು, ಮೇಲಕ್ಕೆತ್ತಿದ ಒಂದು ಮುಖ, ಯಾವುದೂ ಸಾಕು. ನಾನು ಎರಡು ಸಲ ತಲೆಯೆತ್ತಿ ನೋಡಿದೆ. ಎರಡು ಸಲವೂ ಹಿಂಡು ಚದುರಿತು. ಮೇಷ್ಟ್ರು ಬೈಯಲಿಲ್ಲ, ತಮ್ಮ ಬಿಳಿ ಕರ್ಚೀಫು ತೆಗೆದು ನನ್ನ ಮುಖಕ್ಕೆ ಹೊದಿಸಿದರು.

ಅದರ ತೆಳು ನೇಯ್ಗೆಯ ಮೂಲಕ ಆಕಾಶ ನೋಡುತ್ತ ಮಲಗಿದ್ದಾಗ ಅಜ್ಜನ ಪಂಜರ ನೆನಪಾಯಿತು. ಕಾಯ್ದೆ ಬರುವುದಕ್ಕೆ ಮುಂಚಿನ ಮಾತು. ಅಜ್ಜ ಗೌಜಲಹಕ್ಕಿಯೊಂದನ್ನು ಬಿದಿರು ಪಂಜರದಲ್ಲಿ ಸಾಕಿದ್ದರಂತೆ. ಬೇಲಿ ಸಾಲಿನಲ್ಲಿ ಅದನ್ನಿಟ್ಟು ಮರೆಯಲ್ಲಿ ಕೂತರೆ ಅದರ ಕೂಗಿಗೆ ಕಾಡಿನ ಗೌಜಲು ಜಗಳಕ್ಕೆಂದು ಓಡಿ ಬಂದು ಉರುಳಿಗೆ ಬೀಳುತ್ತಿತ್ತು. ತನ್ನವರನ್ನೇ ಕರೆದು ಹಿಡಿಸಿಕೊಡುವ ಇಂಥ ಪಳಗಿದ ಪ್ರಾಣಿಗೆ ಕನ್ನಡದಲ್ಲಿ ದೀಹ ಅಥವಾ ದೀವ ಎಂಬ ಒಳ್ಳೆಯ ಹಳೆಯ ಹೆಸರಿದೆ. ಜಿಂಕೆಯ ಬೇಟೆಗೆ ದೀಹದ ಮಿಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಗೆ ಕಡಿವಾಣ ಬಿತ್ತು, ಪದವೂ ನಿಘಂಟಿಗೆ ಸರಿಯಿತು.

ಅಮೆರಿಕದಲ್ಲೂ ಒಂದು ಕಾಲಕ್ಕೆ ಜೀವಂತ ದೀಹಗಳಿದ್ದವು. ಪಳಗಿಸಿದ ಬಾತುಗಳನ್ನು ನೀರಿನಲ್ಲಿ ಕಟ್ಟಿ ಕೂಗಿಸುತ್ತಿದ್ದರು. 1935ರಲ್ಲಿ ಅದನ್ನು ನಿಷೇಧಿಸಿದರು. ಹುಸಿಹಕ್ಕಿಯ ಚರಿತ್ರೆ ಅದಕ್ಕಿಂತ ಬಹಳ ಹಿಂದಿನದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬಾತುಗಳು ಸಿಕ್ಕವು, ಸುಮಾರು 2,000 ವರ್ಷ ಹಳೆಯವು. ಜೇಮ್ಸ್ ಕೊಲ್ಲಿಯ ಕ್ರೀ ಜನ ಟ್ಯಾಮರ‍್ಯಾಕ್ ಮರದ ಕಡ್ಡಿಗಳಿಂದ ಹೆಬ್ಬಾತು ಕಟ್ಟುವುದರಲ್ಲಿ ನಿಪುಣರು. ವಸಂತದ ಹೆಬ್ಬಾತು ಬೇಟೆ ಅವರಿಗೆ ಅನ್ನವೂ ಹೌದು ಹಬ್ಬವೂ ಹೌದು. ಹಲವು ಕ್ರೀ ಊರುಗಳಲ್ಲಿ ಆ ದಿನಗಳಲ್ಲಿ ಶಾಲೆಗೇ ರಜೆ. ಹಿಮ ಹೆಬ್ಬಾತಿಗೆ ಹಳೆಯ ತುಪ್ಪಳ ವ್ಯಾಪಾರಿಗಳು ಇಟ್ಟಿದ್ದ 'ವೇವಿ' ಎಂಬ ಹೆಸರು ಕ್ರೀ ಭಾಷೆಯಿಂದ ಎರವಲು ಪಡೆದದ್ದು. ಇನ್ನು ಟೆಕ್ಸಾಸಿನ ಭತ್ತದ ಗದ್ದೆಗಳಲ್ಲಿ ಕೂಳೆಯ ಮೇಲೆ ಹಳೆ ಪತ್ರಿಕೆ, ಮಕ್ಕಳ ಲಂಗೋಟಿ ಬಟ್ಟೆ ಹರಡಿಯೇ ಹಿಂಡು ಇಳಿಸುತ್ತಿದ್ದ ಕಾಲವಿತ್ತು. ಬಿಳಿ ಕಂಡರೆ ಸಾಕು, ಹಕ್ಕಿ ಇಳಿಯುತ್ತಿತ್ತು. ಆ ಹಕ್ಕಿಗಳ ಮೊಮ್ಮಕ್ಕಳೇ ಇವತ್ತು ಒಂಬೈನೂರು ಚೀಲ, ಯಂತ್ರ, ಸ್ಪೀಕರುಗಳನ್ನು ನೋಡಿ ಹೊರಳಿ ಹೋಗುತ್ತಿರುವುದು.

ವಸಂತದಲ್ಲಿ ಬೇಟೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ನನ್ನ ಅಸಮಾಧಾನ ಇಳಿಯುವಂತಿರಲಿಲ್ಲ. ಗೂಡು ಕಟ್ಟಲು ಹೊರಟ ಹಕ್ಕಿಯನ್ನು ಹೊಡೆಯಬಾರದು ಎಂಬುದು ಬೇಟೆಗಾರರೂ ಒಪ್ಪುವ ಧರ್ಮ. ಅಮೆರಿಕವೂ ಕೆನಡಾದ ಪರವಾಗಿ ಬ್ರಿಟನ್ನೂ 1916ರಲ್ಲಿ ಮಾಡಿಕೊಂಡ ವಲಸೆ ಹಕ್ಕಿಗಳ ಒಪ್ಪಂದ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಇಂಥ ಹಕ್ಕಿಗಳ ಬೇಟೆಗೆ ಬಾಗಿಲು ಹಾಕಿತ್ತು. ಎಂಬತ್ತಕ್ಕೂ ಹೆಚ್ಚು ವರ್ಷ ಕಾದ ಆ ಬಾಗಿಲನ್ನು 1999ರಲ್ಲಿ ಈ ಹಕ್ಕಿಗಾಗಿ ತೆರೆದರು. ತೆರೆಯಿರಿ ಎಂದವರಲ್ಲಿ ಹಕ್ಕಿಶಾಸ್ತ್ರಜ್ಞರೇ ಇದ್ದರು.

ಅದಕ್ಕೆ ಕಾರಣ ಅವು ಗೂಡು ಕಟ್ಟುವ ನೆಲದಲ್ಲಿತ್ತು. ಹಡ್ಸನ್ ಕೊಲ್ಲಿಯ ತೀರದಲ್ಲಿ, ಚರ್ಚಿಲ್ ಪಟ್ಟಣದ ಪೂರ್ವಕ್ಕೆ ಲಾ ಪೆರೂಸ್ ಕೊಲ್ಲಿ ಇದೆ. ವಿಜ್ಞಾನಿ ಫ್ರೆಡ್ ಕುಕ್ 1968ರಲ್ಲಿ ಅಲ್ಲಿ ಹಿಮ ಹೆಬ್ಬಾತುಗಳ ಅಧ್ಯಯನ ಶುರು ಮಾಡಿದರು, ರಾಬರ್ಟ್ ಜೆಫರೀಸ್, ರಾಬರ್ಟ್ ರಾಕ್‌ವೆಲ್ ಮುಂದುವರಿಸಿದರು. ಆರಂಭದಲ್ಲಿ ಅಲ್ಲಿನ ಉಪ್ಪುಜೌಗು ಹಸಿರು ಜಮಖಾನೆಯಂತಿತ್ತು. ಹಕ್ಕಿಗಳು ಮೇದಷ್ಟೂ ಹಿಕ್ಕೆಯ ಗೊಬ್ಬರದಿಂದ ಹುಲ್ಲು ಚಿಗುರುತ್ತಿತ್ತು. ಹಕ್ಕಿ ಹೆಚ್ಚಾದಂತೆ ಲೆಕ್ಕ ತಪ್ಪಿತು. ವಸಂತದ ಆರಂಭದಲ್ಲಿ, ಚಿಗುರು ಇನ್ನೂ ಬರದಿರುವಾಗ, ಅವು ಗರಗಸದ ಕೊಕ್ಕಿನಿಂದ ಮಣ್ಣು ಬಗೆದು ಬೇರು ಗೆಡ್ಡೆಗಳನ್ನೇ ಕಿತ್ತು ತಿನ್ನುತ್ತವೆ. ಹುಲ್ಲಿನ ಹೊದಿಕೆ ಹೋದ ನೆಲ ಬಿಸಿಲಿಗೆ ಕಾಯುತ್ತದೆ, ಆವಿಯೇಳುವ ನೀರು ತಳದ ಉಪ್ಪನ್ನು ಮೇಲಕ್ಕೆಳೆಯುತ್ತದೆ. ಉಪ್ಪು ಕೂತ ನೆಲದಲ್ಲಿ ಬೀಜ ಮೊಳೆಯದು. ನೀರಾವರಿ ಕೆಟ್ಟ ಹೊಲ ಚೌಳು ಹಿಡಿಯುವುದನ್ನು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಶೋಧಕರು ಅಲ್ಲಲ್ಲಿ ಪುಟ್ಟ ತಂತಿಬೇಲಿ ಹಾಕಿ ಹಕ್ಕಿ ನುಗ್ಗದಂತೆ ಮಾಡಿದ್ದರು. ಆ ಫೋಟೊಗಳನ್ನು ನೋಡಿದವರು ಮರೆಯಲಾರರು: ಬೇಲಿಯೊಳಗೆ ಕೋಣೆಯಷ್ಟಗಲ ಹಸಿರು, ಹೊರಗೆ ಕಣ್ಣು ಹಾಯುವಷ್ಟು ದೂರ ಬೋಳು ಕೆಸರು. ಅದೇ ಜೌಗನ್ನು ನಂಬಿದ ಸಣ್ಣಪುಟ್ಟ ತೀರದ ಹಕ್ಕಿಗಳಿಗೂ ಜಾಗವಿಲ್ಲವಾಯಿತು.

ಈ ಹಿಂಡು ಬೆಳೆದದ್ದು ಆರ್ಕ್ಟಿಕ್‌ನಲ್ಲಲ್ಲ, ಕೂಳೆಹೊಲಗಳಲ್ಲಿ ಎಂಬುದೇ ನನಗೆ ಮುಖ್ಯವಾಗಿ ಕಂಡ ಸಂಗತಿ. ಹಿಂದೆ ಕರಾವಳಿಯ ಜೌಗಿನ ಬೇರುಗಳನ್ನೇ ನಂಬಿ ಚಳಿಗಾಲ ಕಳೆಯುತ್ತಿದ್ದ ಹಕ್ಕಿಗೆ ಇಪ್ಪತ್ತನೆಯ ಶತಮಾನದ ಮಧ್ಯದಿಂದ ದೊಡ್ಡ ದಾಸೋಹ ಸಿಕ್ಕಿತು. ರಸಗೊಬ್ಬರ ಬಂತು, ಭತ್ತ ಬಂತು, ಗೋವಿನಜೋಳದ ಇಳುವರಿ ಏರಿತು, ಕಟಾವು ಯಂತ್ರಗಳು ಕಾಳು ಚೆಲ್ಲುತ್ತ ಹೋದವು. ದಾರಿಯುದ್ದಕ್ಕೂ ಧಾಮಗಳಲ್ಲಿ ರಾತ್ರಿ ತಂಗಲು ಭಯವಿಲ್ಲದ ನೀರು. ಚಳಿಗಾಲದಲ್ಲಿ ಹಸಿದು ಸಾಯುವುದು ನಿಂತಿತು. ಉತ್ತರಕ್ಕೆ ಹೊರಟ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಂಡೇ ಗೂಡು ಮುಟ್ಟತೊಡಗಿತು. ನಾವು ಮಲಗಿದ್ದ ಹೊಲದಲ್ಲೇ ಕೈಯಾಡಿಸಿದೆ. ಒಂದು ಮೊಳದ ಅಳತೆಯಲ್ಲಿ ಹದಿನಾಲ್ಕು ಕಾಳು ಸಿಕ್ಕವು, ಮೊಳಕೆಯೊಡೆಯದ, ಹಳದಿ ಹೊಳಪು ಮಾಸದ ಕಾಳು. ಆ ಹೊಲ ನೂರಾರು ಎಕರೆಯದು.

ಹಾಗಾಗಿ 1999ರಿಂದ ವಸಂತದ ಬೇಟೆಗೆ ಮಾಮೂಲು ಕಟ್ಟಳೆಗಳೆಲ್ಲ ಸಡಿಲವಾದವು. ದಿನಕ್ಕಿಷ್ಟೇ ಎಂಬ ಮಿತಿಯಿಲ್ಲ. ಬಂದೂಕಿನಲ್ಲಿ ಮೂರೇ ತೋಟಾ ಎಂಬ ನಿಯಮವಿಲ್ಲ. ಬೇರೆ ಋತುವಿನಲ್ಲಿ ನಿಷಿದ್ಧವಾದ ವಿದ್ಯುತ್ ಕೂಗುಯಂತ್ರಕ್ಕೆ ಅನುಮತಿ. ಸೂರ್ಯಾಸ್ತದ ನಂತರವೂ ಅರ್ಧ ಗಂಟೆ ಹೊಡೆಯಬಹುದು. ಕಾಳು ಚೆಲ್ಲಿ ಕರೆಯುವುದು ಮಾತ್ರ ಇಂದಿಗೂ ಅಪರಾಧ. 2005ರ ಹೊತ್ತಿಗೆ ಹಕ್ಕಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವುದು ತಜ್ಞರ ಗುರಿಯಾಗಿತ್ತು.

ಇಳಿಯಲಿಲ್ಲ. ಕೊಂದ ಹಕ್ಕಿಗಳ ಲೆಕ್ಕ ಏರಿತು ನಿಜ, ಆದರೆ ಹಿಂಡು ಅದಕ್ಕಿಂತ ಬೇಗ ಬೆಳೆಯಿತು. ಬಲಿತ ಹಕ್ಕಿಗಳಲ್ಲಿ ವರ್ಷಕ್ಕೆ ಬೇಟೆಗೆ ಬಿದ್ದದ್ದು ನೂರಕ್ಕೆ ಕೆಲವು ಮಾತ್ರ ಎಂದು ಕಾಲಬಳೆಯ ದಾಖಲೆಗಳನ್ನು ಜಾಲಾಡಿದ ಸಂಶೋಧಕರು ಕಂಡುಕೊಂಡರು. ಬೇಗ ಬೀಳುವುದು ಬೂದುಬಣ್ಣ ಇನ್ನೂ ಮಾಸದ ಮರಿಹಕ್ಕಿ. ಮೊಟ್ಟೆಯಿಡುವ, ಸಂಖ್ಯೆ ಬೆಳೆಸುವ ಹಳೆಯ ಹಕ್ಕಿ ನೂರು ಗಜದ ಮೇಲಿನಿಂದ ನೋಡಿ ಹೊರಳಿ ಹೋಗುತ್ತದೆ. ಕಾಯ್ದೆ ಸಡಿಲಿಸಿದ್ದು ಯಾವ ಹಕ್ಕಿಗಾಗಿಯೋ ಆ ಹಕ್ಕಿಯೇ ಕೈಗೆ ಸಿಗುವುದಿಲ್ಲ. ನಮ್ಮ ಹನ್ನೊಂದರಲ್ಲಿ ಎಂಟು ಬೂದು ಮರಿಗಳು. ನಾಯಿ ತಂದು ಮೇಷ್ಟ್ರ ಕಾಲಬಳಿ ಇಟ್ಟ ಮೊದಲ ಹಕ್ಕಿಯ ಎದೆ ಇನ್ನೂ ಬೆಚ್ಚಗಿತ್ತು. ಕುತ್ತಿಗೆಯ ಗರಿಗಳಲ್ಲಿ ಉತ್ತಂತೆ ಸಾಲುಗೆರೆ. ಅವರು ಅದನ್ನು ಕೆಸರಿನಲ್ಲಿ ಬಿಡಲಿಲ್ಲ, ರೆಕ್ಕೆ ಮಡಿಸಿ ಒಣ ಹುಲ್ಲಿನ ಮೇಲೆ ಮಲಗಿಸಿದರು.

ಅವರ ಆ ನಡೆಯ ಬಗ್ಗೆ ನನಗೆ ಗೌರವವಿದೆ. ಎಲ್ಲರೂ ಹಾಗಿಲ್ಲ. ಮಿತಿಯಿಲ್ಲ ಎಂದ ಕೂಡಲೇ ಹಕ್ಕಿಗಳನ್ನು ಗೋಡೆಯಂತೆ ಪೇರಿಸಿ ಫೋಟೊ ತೆಗೆಸಿಕೊಳ್ಳುವ ಚಪಲ ಬಂದಿದೆ. ಈ ಹಕ್ಕಿಯನ್ನು ಆಕಾಶದ ಕಸದ ಮೀನು ಎಂಬ ಅರ್ಥ ಬರುವ ಹೆಸರಿನಿಂದ ಹೀಗಳೆಯುವವರೂ ಇದ್ದಾರೆ. ಐದು ಸಾವಿರ ಕಿಲೋಮೀಟರ್ ಹಾರುವ ಜೀವಕ್ಕೆ ಆ ಹೆಸರಿಡುವುದು ತಪ್ಪು. ತಿನ್ನಲಾಗದಷ್ಟು ಕೊಂದು ಬಿಸಾಡುವುದು ಅದಕ್ಕಿಂತ ದೊಡ್ಡ ತಪ್ಪು, ಅಲ್ಲಿನ ಕಾನೂನೂ ಅದನ್ನು ಒಪ್ಪುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಎದೆಮಾಂಸ ಬಿಡಿಸಿ, ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಹದವಾಗಿ ಹುರಿದು ತಿನ್ನುತ್ತಾರೆ. 2022ರಲ್ಲಿ ಹಕ್ಕಿಜ್ವರ ಈ ಹಿಂಡುಗಳಿಗೂ ತಗುಲಿದ ಮೇಲೆ ಕೈಗವಸಿಲ್ಲದೆ ಹಕ್ಕಿ ಮುಟ್ಟುವುದಿಲ್ಲ.

ಈಗ ಇನ್ನೊಂದು ತಿರುವು ಬಂದಿದೆ. ಈಚಿನ ವರ್ಷಗಳಲ್ಲಿ ಉತ್ತರ ಅಮೆರಿಕದ ನಡುಸೀಮೆಯ ಹಿಂಡು ಕುಗ್ಗುತ್ತಿದೆ. ಹಿಂಡುಗಳಲ್ಲಿ ಮರಿಗಳ ಪಾಲು ಕಡಿಮೆಯಾಗಿದೆ. ಆರ್ಕ್ಟಿಕ್ ವಸಂತ ಬೇಗ ಬರುತ್ತಿದೆ, ಮರಿ ಮೊಟ್ಟೆಯೊಡೆಯುವಷ್ಟರಲ್ಲಿ ಹುಲ್ಲಿನ ಸಾರ ಇಳಿದಿರುತ್ತದೆ. ಕ್ವಿಬೆಕ್ ದಾರಿಯಲ್ಲಿ ಹೋಗುವ ಇದೇ ಜಾತಿಯ ದೊಡ್ಡ ಹಕ್ಕಿಗಳನ್ನು ಬೈಲಟ್ ದ್ವೀಪದಲ್ಲಿ ಅಧ್ಯಯನ ಮಾಡಿದವರು ಇದನ್ನು ತೋರಿಸಿದ್ದಾರೆ. ಬಂದೂಕಿನಿಂದ ಆಗದ್ದನ್ನು ಬಿಸಿಲು ಮಾಡುತ್ತಿದೆ ಎಂದರೆ ಅದರಲ್ಲಿ ಸಂತೋಷಪಡುವಂಥದ್ದು ನನಗೇನೂ ಕಾಣುವುದಿಲ್ಲ.

ನಮ್ಮೂರಿನ ಹತ್ತಿರದ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲು ಕೆರೆಯಲ್ಲಿ ತೇಲಿ, ಹೊತ್ತು ಇಳಿದಾಗ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೆ ಆ ಹಿಂಡಿಗೆ ಊಟ ಹಾಕುತ್ತಿರುವುದು ಹೊಲದ ಮಾಲೀಕ. ಅವನ ಶೇಂಗಾ, ಕಡಲೆಯ ಲೆಕ್ಕವನ್ನು ನಾವು ಹಕ್ಕಿಪ್ರಿಯರು ಕೇಳಿದ್ದು ಕಡಿಮೆ. ಮಿಸ್ಸೂರಿಯ ಕೂಳೆಯಲ್ಲಿ ಆ ಹದಿನಾಲ್ಕು ಕಾಳು ಆರಿಸಿದ ಮೇಲೆ ಊರಿಗೆ ಹೋದಾಗ ಕೆರೆಗಿಂತ ಮೊದಲು ಹೊಲಕ್ಕೆ ಹೋಗಬೇಕೆನಿಸಿದೆ.

ಸಂಜೆ ಚೀಲಗಳನ್ನು ಕೀಳಲಿಲ್ಲ. ನಾಳೆಯೂ ಇಲ್ಲೇ ಎಂದು ಮೇಷ್ಟ್ರು ಹೇಳಿದರು. ನೀರಿನ ಮೇಲೆ ಇನ್ನೂ ಲಕ್ಷಾಂತರ ಹಕ್ಕಿ ಇದ್ದವು. ಹಿಂದಿನಿಂದ ಬರುವ ಹಿಂಡುಗಳಲ್ಲಿ ಮರಿಗಳೇ ಹೆಚ್ಚು, ಅವು ಇಳಿಯುತ್ತವೆ ಎಂಬ ಭರವಸೆ ಅವರದು. ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿ ತಿರುಗಿತು. ದಕ್ಷಿಣದಿಂದ, ಬೆಚ್ಚಗೆ. ತಂಗಿದ್ದ ಮನೆಯ ಕಿಟಕಿ ಸಣ್ಣಗೆ ಅದುರತೊಡಗಿತು. ನಿದ್ದೆಗಣ್ಣಲ್ಲೇ ಮಾಡಿನ ಮೇಲೆ ಆ ತೇರಿನ ಗದ್ದಲ ಹಾದುಹೋಗುವುದು ಕೇಳಿಸಿತು. ಅದು ಬಹಳ ಹೊತ್ತು ಮುಗಿಯಲಿಲ್ಲ.

ಬೆಳಿಗ್ಗೆ ನಾವು ಹೊಲ ಮುಟ್ಟಿದಾಗ ಒಂಬೈನೂರು ಚೀಲಗಳೂ ಹೊಟ್ಟೆ ಉಬ್ಬಿಸಿಕೊಂಡು, ಹಿಂದಿನ ದಿನ ಎಂದೂ ಕಾಣದಷ್ಟು ಚೆನ್ನಾಗಿ ಓಲಾಡುತ್ತಿದ್ದವು. ಆಕಾಶ ಖಾಲಿ. ಧಾಮದ ಕಡೆಯಿಂದ ಸದ್ದಿಲ್ಲ. ಮೇಷ್ಟ್ರು ಸ್ಪೀಕರ್ ಹಚ್ಚಲಿಲ್ಲ. ಜೇಬಿನಿಂದ ಫೋನ್ ತೆಗೆದು ದಕ್ಷಿಣ ಡಕೋಟಾದಲ್ಲಿರುವ ಗೆಳೆಯನಿಗೆ ಕರೆ ಮಾಡಿದರು. ಎರಡು ಮಾತಾಡಿ ಇಟ್ಟರು.

'ಏನಂದ್ರಂತ?' ಎಂದು ಭಾವನನ್ನು ಕೇಳಿದೆ.

'ಮುಂಜಾನೆಯಿಂದ ಅಲ್ಲಿ ಇಳಿಯಾಕತ್ಯಾವಂತ' ಎಂದರು ಭಾವ, ಬಗ್ಗಿ ಮೊದಲ ಚೀಲ ಕೀಳುತ್ತ.